ಮಗಳ ಮದುವೆ ಮನೆಯ ಮಾತಷ್ಟೇ ಅಲ್ಲ

“ನಮ್ಮ ಮಗಳು, ನಮ್ಮ ಮನೆ. ಇದರಾಗ ಸರ್ಕಾರದವರಿಗೇನು ಕೆಲಸ?” ಬಾಲ್ಯವಿವಾಹ ತಡೆಯಲು ಅಧಿಕಾರಿಗಳು ಬಂದಾಗಲೆಲ್ಲ ಕೇಳಿಬರುವ ಮಾತಿದು. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2011ರಲ್ಲಿ ನಾರ್ವೆಯ ಮಕ್ಕಳ ಕಲ್ಯಾಣ ಇಲಾಖೆ ಒಂದು ಬಂಗಾಳಿ ಕುಟುಂಬದ ಇಬ್ಬರು ಮಕ್ಕಳನ್ನು ಕರೆದೊಯ್ದಿತು. ಕೈಯಿಂದ ಉಣಿಸುವುದಕ್ಕೂ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದಕ್ಕೂ ಆಕ್ಷೇಪವಿತ್ತೆಂದು ಹೆತ್ತವರು ಹೇಳಿದರು. ಆ ಲೆಕ್ಕ ಹಿಡಿದರೆ ನಮ್ಮ ಅಮ್ಮಂದಿರೆಲ್ಲ ತಪ್ಪಿತಸ್ಥರೇ!

ಆದರೆ ನಮ್ಮಲ್ಲಿ ಅಧಿಕಾರಿ ಬಾಗಿಲಿಗೆ ಬರುವುದು ಸಾಮಾನ್ಯವಾಗಿ 1098ಕ್ಕೆ ಯಾರಾದರೂ ಕರೆ ಮಾಡಿದ ಮೇಲೆ. ಎಷ್ಟೋ ಸಲ ಕರೆ ಮಾಡಿದವಳು ಆ ಹುಡುಗಿಯೇ, ಇಲ್ಲವೆ ಅವಳ ಗೆಳತಿ. ಹಾಗಿರುವಾಗ ‘ಮನೆಯ ಖಾಸಗಿತನ’ ಎಂದರೆ ಯಾರದು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ವ್ಯಕ್ತಿಯದು. ಮನೆಯ ಯಜಮಾನನಿಗೆ ಇರುವಷ್ಟೇ ಹದಿನಾರರ ಮಗಳಿಗೂ ಇದೆ.

ನಮ್ಮ ಸಮುದಾಯದಲ್ಲಿ ಇನ್ನೊಂದು ಮಾತಿದೆ: ವೈಯಕ್ತಿಕ ಕಾನೂನಿನ ಪ್ರಕಾರ ಹುಡುಗಿ ಋತುಮತಿಯಾದರೆ ಸಾಕಲ್ಲವೆ? 2022ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಪೋಕ್ಸೊ ಕಾಯ್ದೆ ವೈಯಕ್ತಿಕ ಕಾನೂನಿಗಿಂತ ಮೇಲು ಎಂದಿತು. ಆದರೂ ಆ ಹುಡುಗನಿಗೆ ಜಾಮೀನು ಕೊಟ್ಟಿತು. ನಿಕಾಹ್‌ನಲ್ಲಿ ಹುಡುಗಿಯ ಒಪ್ಪಿಗೆ ಕೇಳುವ ನಾವು, ಆ ಒಪ್ಪಿಗೆ ಕೊಡುವಷ್ಟು ಅವಳು ಬೆಳೆದಿದ್ದಾಳೆಯೇ ಎಂದೂ ಕೇಳಬೇಡವೆ? ಇದು ಒಂದೇ ಸಮುದಾಯದ ಕಥೆಯೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು.

ಹೆತ್ತವರೇನು ವೈರಿಗಳಲ್ಲ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾಕ್ಕೊ ಮಂಗಳೂರಿಗೊ ದುಡಿಯಲು ಹೋಗುವವರು ವಯಸ್ಸಿಗೆ ಬಂದ ಮಗಳನ್ನು ಯಾರ ಹತ್ತಿರ ಬಿಟ್ಟು ಹೋಗಬೇಕು? ಈ ಪ್ರಶ್ನೆಗೆ ಮುಚ್ಚಳಿಕೆ ಪತ್ರ ಉತ್ತರವಲ್ಲ. ಹಾಸ್ಟೆಲಿನ ಒಂದು ಸೀಟು ಉತ್ತರವಾದೀತು. ಮದುವೆ ನಿಲ್ಲಿಸಿ, ಸಹಿ ಹಾಕಿಸಿಕೊಂಡು, ಮತ್ತೆ ತಿರುಗಿ ನೋಡದಿದ್ದರೆ ಆ ಮದುವೆ ಇನ್ನೊಂದು ಊರಿನಲ್ಲಿ ಸದ್ದಿಲ್ಲದೆ ಆಗುತ್ತದೆ.

ಅಧಿಕಾರಿಗಳು ಬರುವ ರೀತಿಯ ಬಗ್ಗೆಯೂ ನನಗೆ ತಕರಾರಿದೆ. ಮನೆ ಮುಂದೆ ಜೀಪು, ಸುತ್ತ ಜನ, ಕೈಯಲ್ಲಿ ಮೊಬೈಲು. ಸಂಜೆಯೊಳಗೆ ವಿಡಿಯೊ ಓಣಿಯ ಎಲ್ಲರ ವಾಟ್ಸಾಪಿನಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಮಾಧ್ಯಮಗಳಲ್ಲಿ ಬರುವಂತಿಲ್ಲ. ಬಂದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಾಲಮಂದಿರಕ್ಕೆ ಸೇರಿಸುವುದು ಕೊನೆಯ ದಾರಿ ಎನ್ನುವುದೂ ಅದೇ ಕಾಯ್ದೆ. ಹುಡುಗಿ ನಾಳೆ ಅದೇ ಓಣಿಯಲ್ಲಿ ಬಾಳಬೇಕು, ಅದೇ ಬಸ್ಸಿನಲ್ಲಿ ಕಾಲೇಜಿಗೆ ಬರಬೇಕು.

ಪ್ರಾಂಶುಪಾಲರಲ್ಲಿ ಒಂದು ವಿನಂತಿ. ಯಾವ ಹುಡುಗಿಯಾದರೂ ಹತ್ತು ದಿನ ಗೈರುಹಾಜರಾದರೆ ಮೇಡಂ ಒಬ್ಬರು ಅವಳ ಮನೆಗೆ ಹೋಗಿ ಅಮ್ಮಿ, ಅಬ್ಬಾನ ಹತ್ತಿರ ಕೂತು ಮಾತಾಡಲಿ. ವಿದ್ಯಾರ್ಥಿವೇತನ, ಹಾಸ್ಟೆಲಿನ ಅರ್ಜಿ ಜೊತೆಗೇ ಒಯ್ಯಲಿ. ಅಷ್ಟಾದ ಮೇಲೂ ಮದುವೆಯ ತಾರೀಖು ಗಟ್ಟಿಯಾದರೆ 1098ಕ್ಕೆ ಕಾಲೇಜಿನಿಂದಲೇ ಕರೆ ಹೋಗಲಿ.