ಮಣ್ಣಿಗೆ ಹಿಂಡಿದ ಹಾಲಿನ ಲೆಕ್ಕ ಕೊಡಿ

ನೀಲಗಿರಿಯ ಚಹಾ ತೋಟದಲ್ಲಿ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು ಕಲ್ಲಾದ ತಾಯಿ ಏನು ಮಾಡುತ್ತಾಳೆ ಗೊತ್ತೇ? ಸಾಲಿನಿಂದ ಹಿಂದೆ ಸರಿಯುತ್ತಾಳೆ. ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ಮೇಲಕ್ಕೆಳೆದು ಮರೆ ಮಾಡಿಕೊಂಡು, ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಎಲೆ ಕಿತ್ತು ಕಪ್ಪಾದ ಬೆರಳುಗಳಿಂದಲೇ ಹಿಂಡಿ ಹಾಲನ್ನು ಮಣ್ಣಿಗೆ ಬಿಡುತ್ತಾಳೆ. ಅದೇ ಹೊತ್ತಿಗೆ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಅವಳ ಕೂಸಿಗೆ ಅಜ್ಜಿಯೋ ಏಳೆಂಟು ವರ್ಷದ ಅಕ್ಕನೋ ನೀರು ಬೆರೆಸಿದ ಪ್ಯಾಕೆಟ್ ಹಾಲು ಕುಡಿಸುತ್ತಿರುತ್ತಾರೆ. ಮೇಸ್ತ್ರಿ ಕೂಗುವುದರೊಳಗೆ ತಾಯಿ ಏಳಬೇಕು. ತೂಕದ ಹೊತ್ತಿಗೆ ಚೀಲ ತುಂಬಿರಬೇಕು. ಅವಳು ಕಿತ್ತ ಎಲೆಗೆ ಕಿಲೋ ಕಿಲೋ ಲೆಕ್ಕವಿದೆ. ಮಣ್ಣಿಗೆ ಬಿದ್ದ ಹಾಲನ್ನು ಬರೆದಿಟ್ಟ ಪುಸ್ತಕ ಯಾವ ಎಸ್ಟೇಟ್ ಆಫೀಸಿನಲ್ಲೂ ಇಲ್ಲ.

ಇದಕ್ಕೆ ಮದ್ದು ಎಂದು ಈಗ ಬ್ರೆಸ್ಟ್ ಪಂಪ್ ತೋರಿಸುತ್ತಾರೆ. ದುಡಿಯುವ ಹೆಣ್ಣಿಗೆ ಬಿಡುಗಡೆ ಕೊಡುವ ಸಾಧನ ಎಂದು ಮಾರುತ್ತಾರೆ. ನಾನು ಪಂಪಿನ ವೈರಿಯಲ್ಲ. ಕೈಯಿಂದ ಒತ್ತುವ ಪಂಪ್ ಸರಳ ವಸ್ತು. ಎದೆಗೆ ಕೂರುವ ಒಂದು ಕೊಳವೆ ಬಟ್ಟಲು, ಒಳಗೊಂದು ಪುಟ್ಟ ರಬ್ಬರ್ ವಾಲ್ವ್, ಒತ್ತಲು ಒಂದು ಹಿಡಿ, ಕೆಳಗೆ ಒಂದು ಬಾಟಲಿ. ಕರೆಂಟ್ ಬೇಡ, ಬ್ಯಾಟರಿ ಬೇಡ. ಮಸಿನಗುಡಿಯ ಕಾಡಂಚಿನ ಹಾಡಿಯಲ್ಲೂ ನಡೆಯುತ್ತದೆ. ಆದರೆ ಅದು ಕೇಳುವ ಉಳಿದದ್ದನ್ನು ಜಾಹೀರಾತು ಹೇಳುವುದಿಲ್ಲ. ಮೊದಲ ಹತ್ತಾರು ಒತ್ತಿಗೆ ಎಷ್ಟೋ ಸಲ ಹನಿಯೂ ಬರುವುದಿಲ್ಲ. ಮೈ ಸಡಿಲವಾಗಿ, ಮನಸ್ಸು ಕೂಸಿನ ಕಡೆ ತಿರುಗಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಇಳಿಸುತ್ತದೆ. ಅವಸರ, ಅಂಜಿಕೆ, ನಾಚಿಕೆ ಇದ್ದಲ್ಲಿ ಹಾಲು ಇಳಿಯುವುದು ತಡವಾಗುತ್ತದೆ. ಒಂದೊಂದು ಎದೆಗೂ ಹತ್ತು ಹದಿನೈದು ನಿಮಿಷ ಬೇಕು. ಪಂಪಿನ ಭಾಗಗಳನ್ನು ಬಿಡಿಸಿ ತೊಳೆಯಲು ಶುದ್ಧ ನೀರು ಬೇಕು, ಕುದಿಸಲು ಒಲೆ ಬೇಕು. ಹಿಂಡಿದ ಹಾಲು ಹೊರಗಿಟ್ಟರೆ ಸುಮಾರು ನಾಲ್ಕು ಗಂಟೆಯಷ್ಟೇ ಸುರಕ್ಷಿತ, ಆಮೇಲೆ ಫ್ರಿಜ್ ಬೇಕು. ಇಷ್ಟನ್ನೂ ಬಿಟ್ಟು ಬರೀ ಪಂಪ್ ಕೊಡುವವರು ಅವಳಿಗೆ ಇನ್ನೊಂದು ಕೆಲಸವನ್ನು ಕೊಡುತ್ತಿದ್ದಾರೆ. ಅದಕ್ಕೂ ಅವಳೇ ದುಡ್ಡು ತೆರಬೇಕು.

ಎದೆಯಿಂದ ಎಷ್ಟು ತೆಗೆದರೆ ಅಷ್ಟು ಹಾಲು ಊರುತ್ತದೆ. ದಿನಕ್ಕೆ ಎಂಟು ಗಂಟೆ ತೆಗೆಯದೆ ಬಿಟ್ಟರೆ ಎದೆ ಗಡ್ಡೆ ಕಟ್ಟುತ್ತದೆ, ಕೆಂಪಾಗಿ ಬಾಯುತ್ತದೆ, ಚಳಿಜ್ವರವೂ ಬರಬಹುದು. ಹೀಗೇ ಕೆಲವು ವಾರ ನಡೆದರೆ ಹಾಲು ಕಡಿಮೆಯಾಗುತ್ತಾ ಹೋಗಿ ಬತ್ತುತ್ತದೆ. ಆಗ ಮನೆಯವರೂ ನೆರೆಯವರೂ ಹೇಳುವ ಮಾತು ಒಂದೇ: ಅವಳಿಗೆ ಹಾಲೇ ಇಲ್ಲ. ಎಂಥ ಸುಳ್ಳು ಇದು! ಅವಳಿಗೆ ಹಾಲಿತ್ತು. ರವಿಕೆ ನೆನೆದು ಎಲೆ ಚೀಲದ ಪಟ್ಟಿಗೆ ಅಂಟುವಷ್ಟಿತ್ತು. ಅದನ್ನು ಬತ್ತಿಸಿದ್ದು ಕೂಲಿಯ ಗಡಿಯಾರ. ತಪ್ಪನ್ನು ಮಾತ್ರ ಅವಳ ಮೈಮೇಲೆ ಹೊರಿಸುತ್ತಾರೆ.

ಕಾನೂನು ಇಲ್ಲವೇ? ಇದೆ. ಹೆರಿಗೆಯ ಹೊತ್ತಿನಲ್ಲಿ ಹೆಣ್ಣಾಳಿಗೆ ಸಂಬಳ ಸಹಿತ ಬಿಡುವು ಸಿಗಬೇಕೆಂದು ಬಾಬಾಸಾಹೇಬ ಅಂಬೇಡ್ಕರ್ 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ವಾದಿಸಿದರು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು: ಐವತ್ತು ಹೆಣ್ಣಾಳುಗಳಿರುವ ತೋಟ ಶಿಶುಪಾಲನಾ ಕೇಂದ್ರ ನಡೆಸಬೇಕು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು: ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು, ದಿನಕ್ಕೆ ನಾಲ್ಕು ಸಲ ಶಿಶುಪಾಲನಾ ಕೇಂದ್ರಕ್ಕೆ ಹೋಗಿಬರಲು ಅವಕಾಶ ಕೊಟ್ಟಿತು.

ಈಗ ತೂತುಗಳನ್ನು ನೋಡಿ. ತೋಟ ಕಾರ್ಮಿಕರ ಕಾಯ್ದೆ, ಮುಂದಿನ ತಿದ್ದುಪಡಿಯ ನಂತರ, ಐದು ಹೆಕ್ಟೇರ್ ಜಮೀನು, ಹದಿನೈದು ಆಳು ಎಂಬ ಗೆರೆ ಎಳೆದಿತ್ತು. ನೀಲಗಿರಿಯಲ್ಲಿ ಚಹಾ ಬೆಳೆಯುವ ಕುಟುಂಬಗಳಲ್ಲಿ ಬಹುಪಾಲು ಆ ಗೆರೆಯ ಕೆಳಗಿನ ಸಣ್ಣ ಹಿಡುವಳಿದಾರರು. ಅಲ್ಲಿ ದುಡಿಯುವ ತಾಯಿಯ ಹೆಸರು ಆ ಕಾಯ್ದೆಯ ಕಣ್ಣಿಗೆ ಬೀಳಲೇ ಇಲ್ಲ. ಹೆರಿಗೆ ರಜೆ ಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿರಬೇಕು. ಇಂದು ಗೂಡಲೂರು, ನಾಳೆ ಪಂದಲೂರು ಎಂದು ಕಂಟ್ರಾಕ್ಟರ್ ಜೀಪು ಹತ್ತಿಸಿ ಒಯ್ಯುವ ಹೆಣ್ಣು ಆ 80 ದಿನವನ್ನು ಯಾವ ರಿಜಿಸ್ಟರಿನಲ್ಲಿ ತೋರಿಸಬೇಕು? ಊಟಿಯ ಇಳಿಜಾರಿನಲ್ಲಿ ಕ್ಯಾರೆಟ್ ಕೀಳುವವಳು, ಮಸಿನಗುಡಿಯ ರೆಸಾರ್ಟಿನಲ್ಲಿ ಹಾಸಿಗೆ ಮಡಚುವವಳು, ಜಾರ್ಖಂಡಿನಿಂದ ಬಂದು ಲೈನ್ ಮನೆ ಸೇರಿದವಳು, ಇವರಲ್ಲಿ ಎಷ್ಟು ಜನರ ಕೈಯಲ್ಲಿ ಸಂಬಳದ ಚೀಟಿ ಇದೆ?

ರಜೆ ಸಿಕ್ಕವಳ ಲೆಕ್ಕವೂ ಕೂಡುವುದಿಲ್ಲ. ಆರು ತಿಂಗಳು ಎದೆ ಹಾಲಲ್ಲದೆ ಬೇರೇನೂ ಕೊಡಬೇಡಿ, ಒಂದು ಗುಟುಕು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನೇ ಆಸ್ಪತ್ರೆಯ ಗೋಡೆಗೂ ಬರೆಸಿದ್ದಾರೆ. 26 ವಾರದಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ಕಳೆದರೆ ಉಳಿಯುವುದು 18 ವಾರ, ನಾಲ್ಕು ತಿಂಗಳು ಚಿಲ್ಲರೆ. ಎರಡು ಮಕ್ಕಳಿದ್ದು ಮೂರನೆಯದು ಹುಟ್ಟಿದರೆ ಒಟ್ಟು ರಜೆಯೇ 12 ವಾರ. ಮೂರನೆಯ ಕೂಸಿನ ಹೊಟ್ಟೆ ಚಿಕ್ಕದೇ?

ಇದೇ ತಮಿಳುನಾಡಿನಲ್ಲಿ ಸರ್ಕಾರಿ ನೌಕರಳಿಗೆ 2021ರಿಂದ ಹನ್ನೆರಡು ತಿಂಗಳ ಹೆರಿಗೆ ರಜೆ ಇದೆ. ಸಿಗಲಿ, ಸಿಗಲೇಬೇಕು. ಕಂಪನಿಯವಳಿಗೆ 26 ವಾರ. ದಿನಗೂಲಿಯವಳಿಗೆ ಅವಳ ನೋವು ಆರುವವರೆಗೆ, ಅದೂ ಕೂಲಿಯಿಲ್ಲದೆ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆಯಲ್ಲಿ ಬಡ ಬಸುರಿಗೆ 18,000 ರೂಪಾಯಿಯ ನೆರವು ಕಂತಿನಲ್ಲಿ ಬರುತ್ತದೆ. ಆರು ತಿಂಗಳ ಕೂಲಿಗೆ ಅದು ಸಾಟಿಯಾಗುವುದಿಲ್ಲ, ಹಾಗಾಗಿ ಅವಳು ಹಸಿ ಮೈಯಲ್ಲೇ ತೋಟಕ್ಕೆ ಇಳಿಯುತ್ತಾಳೆ. ಒಂದೇ ಬೆಟ್ಟದಲ್ಲಿ ಹುಟ್ಟಿದ ಮೂರು ಕೂಸುಗಳ ಹಾಲಿಗೆ ಮೂರು ದರ್ಜೆ ಮಾಡಿದವರು ಯಾರು?

ಬ್ರಿಟಿಷರ ಕಾಲದಲ್ಲಿ ಬಿಳಿಯರ ಕೂಸುಗಳಿಗೆ ಎದೆ ಕೊಡಲು ಈ ನಾಡಿನ ಬಡ ತಾಯಂದಿರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದರು. ಆ ತಾಯಿಯ ಸ್ವಂತ ಕೂಸು ಏನು ಕುಡಿಯಿತೆಂದು ದೊರೆಸಾನಿ ಕೇಳಲಿಲ್ಲ. ದೊರೆ ಹೋದ, ಬಂಗಲೆ ಉಳಿಯಿತು. ದುಡಿಯುವವಳ ಕೂಸಿನ ಪಾಲು ಕೊನೆಗೆ ಎಂಬ ನಿಯಮವೂ ಉಳಿಯಿತು.

ಪಂಪ್ ತೀರಾ ಬೇಕಾಗುವ ಜಾಗವೂ ಇದೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಚೀಪುವ ಶಕ್ತಿ ಇರುವುದಿಲ್ಲ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿಸಿ ಊಟಿಗೆ ತಂದ ಬಾಣಂತಿ, ಗಾಜಿನ ಪೆಟ್ಟಿಗೆಯೊಳಗಿನ ಕೂಸಿಗಾಗಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಹಾಲು ತೆಗೆಯಬೇಕು. ಹೊಲಿಗೆಯ ನೋವಿನಲ್ಲಿ ಕೂತು ತೆಗೆದ ಆ ಗಿಣ್ಣು ಹಾಲಿನ ಐದೋ ಹತ್ತೋ ಹನಿಯನ್ನು ಒಳಲೆಯಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿಸುತ್ತಾರೆ. ಅದೇ ಅದರ ಜೀವ. ಅಂಥಲ್ಲಿ ಪಂಪ್ ಔಷಧಿಗೆ ಸಮ. ಡ್ರಿಪ್ಪಿನ ಹಾಗೆ ಆಸ್ಪತ್ರೆಯೇ ಅದನ್ನು ಕೊಡಬೇಕು. ಮೆಡಿಕಲ್ ಶಾಪಿಗೆ ಓಡಿದ ಗಂಡ ಕೈಯಲ್ಲಿದ್ದ ದುಡ್ಡಿಗೆ ರಬ್ಬರ್ ಬುರುಡೆಯ ಅಗ್ಗದ ಪಂಪ್ ತರುತ್ತಾನೆ. ಆ ಬುರುಡೆಯೊಳಗೆ ಹೊಕ್ಕ ಹಾಲನ್ನು ತೊಳೆದು ತೆಗೆಯುವುದು ಕಷ್ಟ, ಅಲ್ಲಿ ರೋಗಾಣು ಬೆಳೆಯುತ್ತದೆ. ಬಡವನಿಗೆ ಸಿಗುವುದು ಅದೇ. ಆಸ್ಪತ್ರೆಯೇ ಹೊಣೆ ಹೊತ್ತ ಮಾದರಿ ನಮ್ಮಲ್ಲೇ ಇದೆ: ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ತಾಯಿಹಾಲಿನ ಬ್ಯಾಂಕ್ ತೆರೆದರು. ದಾರಿ ಗೊತ್ತಿಲ್ಲ ಎಂದು ಯಾವ ಸರ್ಕಾರವೂ ಹೇಳುವಂತಿಲ್ಲ.

ಎದೆ ಹಾಲೂಡಿಸುವುದು ತಾಯಿಯ ಕಸಿಯಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಎಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ 2021ರಲ್ಲಿ ಹೇಳಿದರು. ಕಸಿಯಲಾಗದ ಆ ಹಕ್ಕನ್ನು ಚಹಾದ ಸಾಲುಗಳಲ್ಲಿ ದಿನವೂ ಕಸಿಯುತ್ತಿದ್ದಾರೆ.

ಎಲೆಗೆ ದರವಿಲ್ಲ, ತೋಟ ನಷ್ಟದಲ್ಲಿದೆ ಎನ್ನುವವರಿದ್ದಾರೆ. ಎಲೆಯ ದರಕ್ಕಾಗಿ ಬಡಗ ಸಮುದಾಯದ ರೈತರು ಬೀದಿಗಿಳಿದದ್ದು ನ್ಯಾಯದ ಹೋರಾಟ, ಅದು ನಮ್ಮದೂ ಹೌದು. ಆದರೆ ನಷ್ಟ ಬಂದಾಗ ಮೊದಲು ಕತ್ತರಿಸುವುದು ಹಸುಗೂಸಿಗೆ ಹಾಲೂಡಿಸುವ ಅರ್ಧ ಗಂಟೆಯನ್ನೇ ಏಕೆ? ಶಿಶುಪಾಲನಾ ಕೇಂದ್ರ ನಡೆಸಲು ಸಣ್ಣ ರೈತನಿಂದ ಆಗದಿದ್ದರೆ ಪಂಚಾಯಿತಿ ನಡೆಸಲಿ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದ್ದಾರೆ. ಗಡಿ ದಾಟಿ ಬರಲು ಅದಕ್ಕೆ ಪರವಾನಗಿ ಬೇಕೇ?

ನಮಗೆ ಬೇಕಾದದ್ದು ಇಷ್ಟು. ಹೆಕ್ಟೇರು, ಆಳುಗಳ ಎಣಿಕೆ ನೋಡದೆ ದುಡಿಯುವ ಪ್ರತಿ ತಾಯಿಗೂ ಆರು ತಿಂಗಳ ಕೂಲಿ, ಹೆರಿಗೆಯ ದಿನದಿಂದ ಎಣಿಸಿ. ಕೆಲಸದ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿ ಕೂಸಿನ ಮನೆ. ಎಲೆಯ ತೂಕದಲ್ಲಿ ಕಡಿತವಾಗದ ಹಾಲಿನ ಬಿಡುವು. ಕೂಸನ್ನು ಹತ್ತಿರ ತರಲಾಗದ ಕಡೆ ಬಾಗಿಲಿರುವ ಕೋಣೆ, ಬಿಸಿನೀರು, ಫ್ರಿಜ್, ಪುಕ್ಕಟೆ ಪಂಪ್, ಮತ್ತು ಕೈಯಿಂದಲೇ ಹಾಲು ತೆಗೆಯುವುದನ್ನು ಅವಳ ಭಾಷೆಯಲ್ಲಿ ಕಲಿಸುವ ನರ್ಸ್.

ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ. ತಾಯಿಹಾಲು ಅಮೃತ ಎಂದು ಭಾಷಣ ಮಾಡಲು ಬೆಟ್ಟ ಹತ್ತಿ ಬರುವ ಅಧಿಕಾರಿಗಳೇ, ತೋಟದ ಯಜಮಾನರೇ, ಮಂತ್ರಿಗಳೇ, ಈ ಪಟ್ಟಿಗೆ ಉತ್ತರ ತನ್ನಿ. ತರದಿದ್ದರೆ ಅಂದು ಎಲೆ ಕೀಳುವುದನ್ನು ನಿಲ್ಲಿಸಿ, ಕೂಸುಗಳನ್ನು ಎತ್ತಿಕೊಂಡು ನಿಮ್ಮ ವೇದಿಕೆಯ ಮುಂದೆ ಕೂರುತ್ತೇವೆ. ಉತ್ತರ ಸಿಗುವವರೆಗೆ ಏಳುವುದಿಲ್ಲ.