ಗುರಿ ಕಾಣದಿದ್ದರೆ ಕಿರಣವೇನು ಮಾಡೀತು?

ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದ ಸುಟ್ಟ ಮಕ್ಕಳಿಗೆ ‘ಗಾಮಾ ನೈಫ್’ ಅರ್ಥವಾಗುವುದು ಕಷ್ಟವಲ್ಲ. ಒಂದೇ ಪ್ರಬಲ ಕಿರಣ ಹಾಯಿಸಿದರೆ ದಾರಿಯಲ್ಲಿರುವ ಮಿದುಳೂ ಹಾಳಾಗುತ್ತದೆ. ಬದಲಿಗೆ ದುರ್ಬಲ ಕಿರಣಗಳನ್ನು ಹಲವು ದಿಕ್ಕುಗಳಿಂದ ಬಿಟ್ಟು, ಅವೆಲ್ಲ ಒಂದು ಬಿಂದುವಿನಲ್ಲಿ ಸಂಧಿಸುವಂತೆ ಮಾಡಿದರೆ ದೊಡ್ಡ ಪೆಟ್ಟು ಬೀಳುವುದು ಅಲ್ಲಿ ಮಾತ್ರ. ತಲೆಬುರುಡೆ ತೆರೆಯದ ಈ ‘ಶಸ್ತ್ರಕ್ರಿಯೆ’ಯನ್ನು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲೇ ಸೂಚಿಸಿದ್ದರು. 1968ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಳಕೆಗೆ ಬಂದ ಮೊದಲ ಯಂತ್ರದಲ್ಲಿ 179 ಕೋಬಾಲ್ಟ್-60 ಆಕರಗಳಿದ್ದವು.

ಕತ್ತಿಯೇನೋ ಸಿದ್ಧವಾಯಿತು; ಗುರಿಯೇ ಕಾಣುತ್ತಿರಲಿಲ್ಲ! ಸಾದಾ ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಮೆತ್ತನೆಯ ಮಿದುಳು ಕಾಣದು. ಆಗಿನ ವೈದ್ಯರು ಬೆನ್ನುಹುರಿಯ ಕಡೆಯಿಂದ ಗಾಳಿ ತುಂಬಿ, ಮಿದುಳಿನ ಒಳಕುಹರಗಳ ನೆರಳು ಎತ್ತ ಸರಿದಿದೆ ಎಂದು ನೋಡಿ ಗೆಡ್ಡೆಯ ಜಾಗ ಊಹಿಸುತ್ತಿದ್ದರು. ರೋಗಿಗೆ ವಿಪರೀತ ತಲೆನೋವು, ವಾಂತಿ.

ಈ ಕುರುಡನ್ನು ನೀಗಿಸಿದವರು ವೈದ್ಯರಲ್ಲ, ಎಂಜಿನಿಯರ್. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇಎಂಐ ಕಂಪನಿಯ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರ್, 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಗೆಡ್ಡೆ ಸ್ಪಷ್ಟವಾಗಿ ಕಂಡಿತು. 1979ರ ನೊಬೆಲ್ ಪ್ರಶಸ್ತಿ ಅವರಿಗೂ ಅಲನ್ ಕಾರ್ಮ್ಯಾಕ್‌ಗೂ ಸಂದಿತು.

ಈಗ ಎಂ.ಆರ್.ಐ. ಗೆಡ್ಡೆಯ ಅಂಚನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅಂಗಾಂಶದ ಸಾಂದ್ರತೆ ತಿಳಿಸಿ ಕಿರಣದ ಲೆಕ್ಕಕ್ಕೆ ನೆರವಾಗುವುದು ಸಿ.ಟಿ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ವೈದ್ಯರು ಪ್ರತಿ ಪದರದಲ್ಲೂ ಗೆರೆ ಎಳೆಯುತ್ತಾರೆ. ಕಷ್ಟ ಇರುವುದು ಈ ಗೆರೆಯಲ್ಲೇ. ಗ್ಲಯೋಮಾದಂಥ ಗೆಡ್ಡೆಯ ಕೋಶಗಳು ಚಿತ್ರದಲ್ಲಿ ಕಾಣುವ ಅಂಚನ್ನೂ ದಾಟಿ ಬೇರು ಬಿಟ್ಟಿರುತ್ತವೆ. ಗೆರೆ ಹಿಗ್ಗಿಸಿದರೆ ಪಕ್ಕದಲ್ಲೇ ಕಣ್ಣಿನ ನರ. ಕುಗ್ಗಿಸಿದರೆ ಕೋಶ ಉಳಿದೀತು. ಇಂಥ ಗೆಡ್ಡೆಗೆ ಒಂದೇ ಏಟಿನ ಗಾಮಾ ನೈಫ್ ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. ಲೀನಿಯರ್ ಆಕ್ಸಲರೇಟರ್ ಯಂತ್ರದಿಂದ ದಿನಕ್ಕಿಷ್ಟರಂತೆ ಹಲವು ವಾರ ಕಿರಣ ಕೊಡುತ್ತಾರೆ. ತಲೆ ಅಲುಗದಂತೆ ಅಳತೆಯ ಮುಖವಾಡ ತೊಡಿಸುತ್ತಾರೆ. ಬೆಳೆಯುವ ಮಿದುಳು ನಾಜೂಕಾದ್ದರಿಂದ, ಮೂರು ವರ್ಷದೊಳಗಿನ ಮಕ್ಕಳಿಗೆ ಸಾಧ್ಯವಾದಷ್ಟು ಕಾಲ ಕಿರಣ ಮುಂದೂಡುವುದೇ ರೂಢಿ.

ಚಿಕಿತ್ಸೆ ಮುಗಿದ ಮೇಲೂ ಚಿತ್ರವನ್ನು ಓದುವುದು ಸುಲಭವಲ್ಲ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿನಲ್ಲಿ ಗೆಡ್ಡೆ ದೊಡ್ಡದಾದಂತೆ ಕಂಡು ಮನೆಯವರ ಎದೆ ಒಡೆಯುವುದುಂಟು. ಹಲವು ಸಲ ಅದು ಕಿರಣದ ಪೆಟ್ಟಿಗೆ ಬಂದ ಊತವಷ್ಟೇ. ರೋಗಿಯ ಸ್ಥಿತಿ ಹದಗೆಡದಿದ್ದರೆ ವೈದ್ಯರು ಚಿಕಿತ್ಸೆ ಬದಲಿಸಲು ಅವಸರಪಡದೆ, ಕೆಲವು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಿ ನೋಡುತ್ತಾರೆ.