ಪೆಟ್ ಸ್ಕ್ಯಾನ್ ಹೇಳುವುದೇನು? ಕಲ್ಪೆಟ್ಟದ ರೋಗಿಗೆ ಎರಡನೇ ಸ್ಕ್ಯಾನ್ ಯಾಕೆ ಮುಖ್ಯ?

2025ರ ಆಗಸ್ಟ್ 26ರಂದು ತಾಮರಶ್ಶೇರಿ ಚುರಂನಲ್ಲಿ ಗುಡ್ಡ ಕುಸಿದು ಕಲ್ಪೆಟ್ಟ-ಕೋಝಿಕ್ಕೋಡ್ ರಸ್ತೆ ಬಂದ್ ಆಯಿತು. ಐದು ದಿನ ಕಳೆದು, ಆಗಸ್ಟ್ 31ರಂದು, ಆನಕ್ಕಾಂಪೊಯಿಲ್-ಮೇಪ್ಪಾಡಿ ಸುರಂಗ ಮಾರ್ಗದ ಕಾಮಗಾರಿಗೆ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಚಾಲನೆ ಕೊಟ್ಟರು. ಪ್ರವಾಸೋದ್ಯಮ, ಪರಿಸರದ ಚರ್ಚೆಯ ನಡುವೆ, ಚಿಕಿತ್ಸೆಗಾಗಿ ಚುರಂ ಇಳಿಯುವ ಕ್ಯಾನ್ಸರ್ ರೋಗಿಗಳ ಮಾತೂ ಬರಬೇಕು. ಅದರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಇರುವವರದ್ದು. ಅವರಿಗೆ ವೈದ್ಯರು ಬರೆದುಕೊಡುವ ಪೆಟ್-ಸಿಟಿ ಸ್ಕ್ಯಾನಿಗೂ ಈ ರಸ್ತೆಗೂ ನೇರ ಸಂಬಂಧವಿದೆ.

ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ವಿಪರೀತ ಹೀರುತ್ತವೆ ಎಂಬುದನ್ನು ಜರ್ಮನಿಯ ಒಟ್ಟೊ ವಾರ್‌ಬುರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಪೆಟ್ ಸ್ಕ್ಯಾನ್ ನಿಂತಿರುವುದು ಇದರ ಮೇಲೆಯೇ. ವಿಕಿರಣ ಸೂಸುವ ಸಕ್ಕರೆಯಂಥ ಔಷಧವನ್ನು ಚುಚ್ಚಿ, ಸುಮಾರು ಒಂದು ಗಂಟೆ ಬಿಟ್ಟು ಚಿತ್ರ ತೆಗೆಯುತ್ತಾರೆ. ಗಡ್ಡೆ ಎಷ್ಟು ದೊಡ್ಡದು ಎಂದು ಸಿಟಿ ಹೇಳುತ್ತದೆ. ಅದು ಎಷ್ಟು ಚುರುಕಾಗಿದೆ ಎಂದು ಪೆಟ್ ಹೇಳುತ್ತದೆ. ರಿಪೋರ್ಟಿನಲ್ಲಿ ಎಸ್‌ಯುವಿ ಎಂದು ಬರೆದಿರುವುದು ಈ ಚುರುಕಿನ ಅಳತೆ.

ಇದರಿಂದ ಲಾಭವಿದೆಯೇ? ಇದೆ. 2002ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಅಧ್ಯಯನವೊಂದರಲ್ಲಿ 188 ರೋಗಿಗಳಿದ್ದರು. ಪೆಟ್ ಮಾಡಿಸಿದವರಲ್ಲಿ ಪ್ರಯೋಜನವಿಲ್ಲದ ಎದೆ ಶಸ್ತ್ರಚಿಕಿತ್ಸೆ ಶೇ. 41ರಿಂದ ಶೇ. 21ಕ್ಕೆ ಇಳಿಯಿತು.

ಭವಿಷ್ಯ ಹೇಳುವ ವಿಚಾರದಲ್ಲಿ 2013ರ ಅಮೆರಿಕದ ಅಧ್ಯಯನ ಗಮನಾರ್ಹ. ಮೂರನೇ ಹಂತದ ರೋಗಿಗಳಲ್ಲಿ ಚಿಕಿತ್ಸೆಗೆ ಮೊದಲಿನ ಎಸ್‌ಯುವಿಗೂ ಅವರು ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. ಕೀಮೋ, ರೇಡಿಯೇಷನ್ ಮುಗಿದು ಸುಮಾರು 14 ವಾರಗಳ ನಂತರ ಉಳಿದ ಚುರುಕಿಗೆ ಮಾತ್ರ ಸಂಬಂಧವಿತ್ತು. ಅಂದರೆ, ಮೊದಲ ರಿಪೋರ್ಟಿನ ದೊಡ್ಡ ಸಂಖ್ಯೆ ನೋಡಿ ಮನೆಯವರು "ಇನ್ನೇನೂ ಉಳಿದಿಲ್ಲ" ಅಂತ ಕೈಚೆಲ್ಲುವುದು ಸರಿಯಲ್ಲ. ಹಾಗಂತ ಎರಡನೇ ಸ್ಕ್ಯಾನ್ ಕೂಡ ಅಂತಿಮ ತೀರ್ಪಲ್ಲ. ಇವೆಲ್ಲ ನೂರಾರು ಜನರ ಸರಾಸರಿ, ಒಬ್ಬರ ಆಯುಷ್ಯದ ಲೆಕ್ಕವಲ್ಲ. ಕ್ಷಯ ರೋಗವೂ ಪೆಟ್‌ನಲ್ಲಿ ಕ್ಯಾನ್ಸರಿನಂತೆಯೇ ಬೆಳಗಬಹುದು. ಹಾಗಾಗಿ ಬಯಾಪ್ಸಿ ತಪ್ಪಿಸುವಂತಿಲ್ಲ.

ಇನ್ನು ರಸ್ತೆಯ ವಿಚಾರ. ಈ ಔಷಧದ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧದಷ್ಟು ಕರಗುತ್ತದೆ. ಚುರಂನ ಒಂಬತ್ತು ತಿರುವುಗಳಲ್ಲಿ ಎರಡು ಗಂಟೆ ಬ್ಲಾಕ್ ಆದರೆ ರೋಗಿಗಾಗಿ ತರಿಸಿಟ್ಟ ಔಷಧದ ಅರ್ಧಕ್ಕಿಂತ ಹೆಚ್ಚು ಬಲ ಹೋಗಿರುತ್ತದೆ. ಮೈಸೂರಿನತ್ತ ಹೋಗೋಣವೆಂದರೆ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಕಷ್ಟ: ರಕ್ತದಲ್ಲಿ ಸಕ್ಕರೆ 200 ದಾಟಿದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ. ಮಾತ್ರೆ, ಇನ್ಸುಲಿನ್ ಬಗ್ಗೆ ಹೊರಡುವ ಮುಂಚೆಯೇ ಫೋನಿನಲ್ಲಿ ಕೇಳಿಕೊಂಡರೆ ಒಂದು ಪ್ರಯಾಣ ಉಳಿಯುತ್ತದೆ.

ಎಸ್ಟೇಟ್ ಕೂಲಿ ಕಾರ್ಮಿಕನಿಗೆ ಮೊದಲ ಸ್ಕ್ಯಾನಿನ ಖರ್ಚೇ ಭಾರ. ಚಿಕಿತ್ಸೆ ಮುಗಿದು, ಕೆಮ್ಮು ಕಡಿಮೆಯಾಗಿ, ಕೈ ಖಾಲಿಯಾದ ಮೇಲೆ ಎರಡನೆಯದನ್ನು ಬಿಟ್ಟುಬಿಡುವುದು ಸುಲಭ. ಆದರೆ ಮುಂದಿನ ದಾರಿ ತೋರಿಸುವುದು ಅದೇ. ನಮ್ಮ ಜಮಾಅತ್‌ಗಳು, ಗಲ್ಫ್‌ನ ಸಂಘಟನೆಗಳು ಆಪರೇಷನ್ನಿಗೆಂದು ಉದಾರವಾಗಿ ಹಣ ಕೂಡಿಸುತ್ತವೆ. ಆ ಮೊತ್ತದಲ್ಲೇ ನಂತರದ ಸ್ಕ್ಯಾನಿಗೂ, ಹಿಂದಿನ ರಾತ್ರಿಯೇ ಹೋಗಿ ಕೋಝಿಕ್ಕೋಡಿನಲ್ಲಿ ಉಳಿಯುವುದಕ್ಕೂ ಒಂದು ಪಾಲು ತೆಗೆದಿಡಬೇಕು. ವಯನಾಡು, ಕೊಡಗಿನಂಥ ಗುಡ್ಡಗಾಡಿನ ರೋಗಿಗಳಿಗೆ ಮಧ್ಯಾಹ್ನದ ಸರದಿ ಕೊಡುವಂತೆ ಸರಕಾರಗಳು ನೋಡಿಕೊಳ್ಳಬೇಕು. ಸುರಂಗ ಆಗುವವರೆಗೆ ಕಾಯುವಷ್ಟು ಸಮಯ ಈ ರೋಗಿಗಳಿಗಿಲ್ಲ.